ಕಾವು ಎಲ್ಲಿಗೆ ಹೋಗಬೇಕು?

ತಂಪೆಂಬುದು ಒಬ್ಬರು ಇನ್ನೊಬ್ಬರಿಗೆ ಕೊಡಬಲ್ಲ ವಸ್ತುವಲ್ಲ. ಕಾವನ್ನು ಒಂದೆಡೆಯಿಂದ ತೆಗೆದು ಮತ್ತೊಂದೆಡೆಗೆ ಸಾಗಿಸಿದಾಗ ಹಿಂದೆ ಉಳಿಯುವ ಸ್ಥಿತಿಗೆ ನಾವು ಆ ಹೆಸರಿಟ್ಟಿದ್ದೇವೆ. ಭೌತಶಾಸ್ತ್ರದ ಈ ಸರಳ ಮಾತು ಹೈದರಾಬಾದಿನ ಬೇಸಿಗೆಯನ್ನು ಕಳೆಯುವವರಿಗೆ ಬೇರೆಯೇ ತೂಕದಿಂದ ಕೇಳಿಸುತ್ತದೆ.

ಕಳೆದ ಮೇ ತಿಂಗಳಲ್ಲಿ ಪಾತ್ರೆ ಕೊಳ್ಳಲೆಂದು ನಾವು ಮಕ್ಕಳೊಡನೆ ಬೇಗಂ ಬಜಾರಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ಅವರದು ಒಂದೇ ಚರ್ಚೆ. 1963ರಲ್ಲಿ ಎಕ್ಸ್‌-ಮೆನ್ ಕಾಮಿಕ್ಸ್‌ನಲ್ಲಿ ಹುಟ್ಟಿದ ಐಸ್‌ಮ್ಯಾನ್ ಕೈಚಾಚಿದರೆ ಎದುರಿನದೆಲ್ಲ ಹೆಪ್ಪುಗಟ್ಟುತ್ತದೆ. ಅವನ ಶಕ್ತಿಗೆ ಮಿತಿಯೇ ಇಲ್ಲವೆಂದು ಮಗಳು, ಇದೆಯೆಂದು ಮಗ. ಉತ್ತರದ ಮೊದಲ ಪಾಠ ಕುಲ್ಫಿಯ ಮಡಕೆಯಲ್ಲಿ ಸಿಕ್ಕಿತು. ಉಪ್ಪು ಬೆರೆತ ಮಂಜುಗಡ್ಡೆ ಕರಗುತ್ತದೆ. ಕರಗಲು ಬೇಕಾದ ಕಾವನ್ನು ಡಬ್ಬಿಯೊಳಗಿನ ಹಾಲಿನಿಂದ ಸೆಳೆಯುತ್ತದೆ. ಈ ಉಪಾಯ ಸೊನ್ನೆಗಿಂತ ಸುಮಾರು 21 ಡಿಗ್ರಿ ಕೆಳಗೆ ಇಳಿದು ನಿಲ್ಲುತ್ತದೆ.

ಅಲ್ಲಿಯೇ ನಿಂತು ಲೆಕ್ಕ ಹಾಕಿದೆವು. 30 ಡಿಗ್ರಿಯಲ್ಲಿರುವ ಒಂದು ಕೊಡ, ಅಂದರೆ 10 ಲೀಟರ್ ನೀರನ್ನು ಸೊನ್ನೆಗಿಳಿಸಲು ಸುಮಾರು 1,250 ಕಿಲೋಜೂಲ್, ಅನಂತರ ಗಡ್ಡೆಯಾಗಿಸಲು 3,340 ಕಿಲೋಜೂಲ್ ಕಾವನ್ನು ಹೊರತೆಗೆಯಬೇಕು. ಅಷ್ಟೂ ಐಸ್‌ಮ್ಯಾನನ ಮೈಗೇ ಸೇರಿದರೆ, 70 ಕಿಲೋ ತೂಕದ ಆ ದೇಹದ ಉಷ್ಣತೆ 37ರಿಂದ 55 ಡಿಗ್ರಿಯನ್ನು ಮುಟ್ಟುತ್ತದೆ. ಒಂದು ಕೊಡಕ್ಕೇ ಅವನ ಕಥೆ ಮುಗಿಯಿತು. ಬರಿಯ ಗಾಳಿಯಿಂದಲೇ ಮಂಜುಗಡ್ಡೆ ಬರಿಸುತ್ತಾನೆಂದರೂ ತೊಡಕು ತಪ್ಪದು. 40 ಡಿಗ್ರಿಯ ಒಣ ಮಧ್ಯಾಹ್ನದಲ್ಲಿ ಒಂದು ಘನಮೀಟರ್ ಗಾಳಿಯಲ್ಲಿರುವ ನೀರು ಹತ್ತು ಗ್ರಾಂನಷ್ಟು; ಕೊಡ ತುಂಬಲು ಸಾವಿರ ಘನಮೀಟರ್ ಗಾಳಿಯನ್ನು ಹಿಂಡಬೇಕು.

ಬೆಂಕಿಯ ವೀರನಿಗೆ ಮೇಲೇರುವ ದಾರಿ ಬಹು ಉದ್ದ. ಶೀತದ ವೀರನಿಗೆ ಸೊನ್ನೆಗಿಂತ 273.15 ಡಿಗ್ರಿ ಕೆಳಗೆ ತಳ ಸಿಗುತ್ತದೆ. ಆ ತಳವನ್ನು ಸಮೀಪಿಸಬಹುದಲ್ಲದೆ ಮುಟ್ಟಲಾಗದು.

ಮಗ ಗೆದ್ದೆನೆಂದು ಬೀಗುತ್ತಿದ್ದಾಗ, ಪಕ್ಕದಲ್ಲಿ ಮೂಟೆ ಇಳಿಸಿ ಬೆವರೊರೆಸಿಕೊಳ್ಳುತ್ತಿದ್ದ ಬೀದರ ಕಡೆಯ ಹಿರಿಯ ಹಮಾಲರೊಬ್ಬರು ನಮ್ಮ ಕನ್ನಡ ಕೇಳಿ ನಕ್ಕರು. ಅಂಗಡಿಯೊಂದರ ಹೊರಗೋಡೆಯಲ್ಲಿದ್ದ ಏಸಿಯ ಪೆಟ್ಟಿಗೆ ಅವರ ಬೆನ್ನಿಗೇ ಬಿಸಿಗಾಳಿ ಊದುತ್ತಿತ್ತು. "ಒಳಗಿನ ಸೆಕಿ ತೆಗದು ನಮ್ಮ ಮ್ಯಾಲ ಬಿಡ್ತದ ನೋಡ್ರಿ ಇದು," ಎಂದರು. ನಾವು ಅಂಕಿಗಳಲ್ಲಿ ಹೇಳಿದ್ದನ್ನು ಅವರು ಮೈಯಲ್ಲಿ ಅರಿತಿದ್ದರು. ಅಷ್ಟೇ ಅಲ್ಲ, ಏಸಿ ಒಳಗಿನ ಕಾವಿನ ಜೊತೆಗೆ ತಾನು ಉಂಡ ವಿದ್ಯುತ್ತನ್ನೂ ಕಾವಾಗಿಸಿ ಹೊರಹಾಕುತ್ತದೆ. ಅಂಗಡಿ ತಣಿದುದಕ್ಕಿಂತ ಹೆಚ್ಚಿನ ಕಾವು ಓಣಿಗೆ ಬೀಳುತ್ತದೆ.

ಹಾಗಾಗಿ ಎಷ್ಟು ತಂಪು ಮಾಡಬಲ್ಲೆ ಎಂಬುದಕ್ಕಿಂತ, ತೆಗೆದ ಕಾವನ್ನು ಯಾರ ಪಾಲಿಗೆ ಬಿಡುತ್ತೀಯೆ ಎಂಬುದೇ ದೊಡ್ಡ ಪ್ರಶ್ನೆ. 18ನೆಯ ಶತಮಾನದಲ್ಲಿ ಅಲಹಾಬಾದಿನ ಬಳಿ ಚಳಿಗಾಲದ ತಿಳಿಯಾದ ರಾತ್ರಿಗಳಲ್ಲಿ, ಹುಲ್ಲಿನ ಹಾಸಿನ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಮಾಡುತ್ತಿದ್ದರು. ನೀರಿನ ಕಾವು ಬಯಲಾದ ಆಕಾಶಕ್ಕೆ ಹೊರಟುಹೋಗುತ್ತಿತ್ತು. ಯಾರ ಬೆನ್ನಿಗೂ ತಾಗುತ್ತಿರಲಿಲ್ಲ.