ಶುಭಂ ಬರುವ ಮೊದಲೇ ಎದ್ದವರು

1994ರಲ್ಲಿ ಸಾಗರದ ಒಂದು ಸ್ಟುಡಿಯೋದಲ್ಲಿ ಮದುವೆ ಕ್ಯಾಸೆಟ್ ಮಿಕ್ಸಿಂಗ್ ಕೆಲಸಕ್ಕೆ ಸೇರಿದೆ. ಎರಡು ವಿಸಿಆರ್, ಒಂದು ಮಿಕ್ಸರ್, ಕಿಟಕಿಗೆ ಕರಿ ಬಟ್ಟೆ. ನಾಂದಿಯಿಂದ ಹೆಣ್ಣೊಪ್ಪಿಸುವವರೆಗೆ ಎಲ್ಲವೂ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಹಿಡಿಸಬೇಕು. ಕೊನೆಗೊಂದು ಕಾರ್ಡು: ಹೃದಯದಾಕಾರದೊಳಗೆ ವಧೂವರರು, ಸುತ್ತ ಗುಲಾಬಿ, ಮೇಲೆ ‘ಶುಭಂ’, ಕೆಳಗೆ ಸ್ಟುಡಿಯೋದ ಹೆಸರು ಮತ್ತು ಫೋನ್ ನಂಬರು. ನಮ್ಮ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಬೋರ್ಡ್ ಬರೆಯುವವರಿಂದ ಕರಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿ, ಗೋಡೆಗೆ ಅಂಟಿಸಿ, ಅದಕ್ಕೆ ಕ್ಯಾಮೆರಾ ಹಿಡಿದು, ಮಿಕ್ಸರಿನಲ್ಲಿ ಕಪ್ಪನ್ನು ಕಳೆದು ಅಕ್ಷರವನ್ನಷ್ಟೇ ಚಿತ್ರದ ಮೇಲೆ ಕೂರಿಸುತ್ತಿದ್ದೆವು. ಕಾಪಿಯ ಮೇಲೆ ಕಾಪಿ ಹೊಡೆದಾಗ ‘ಭ’ದ ಕೆಳಗಿನ ಸೀಳು ಮಸುಕಾಗಿ ಎಷ್ಟೋ ಮನೆಗಳಲ್ಲಿ ಅದು ‘ಶುಬಂ’ ಆಗಿಯೇ ಉಳಿಯಿತು. ಯಾರೂ ದೂರು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಅದನ್ನು ಕಂಡುಹಿಡಿದವರು ಮಾಲೀಕರು. ಬೀಗರಿಗೊಂದು ಕಾಪಿ ಬೇಕೆಂದು ಜನ ಕ್ಯಾಸೆಟ್ ವಾಪಸ್ ತರುತ್ತಿದ್ದರಲ್ಲ, ಹೆಚ್ಚಿನವರು ಅದನ್ನು ಹಿಂದಕ್ಕೆ ಸುತ್ತಿರುತ್ತಿರಲಿಲ್ಲ. ಎಲ್ಲಿ ನೋಡಿ ನಿಲ್ಲಿಸಿದ್ದರೋ ಟೇಪು ಅಲ್ಲೇ ನಿಂತಿರುತ್ತಿತ್ತು. ಹಾಕಿ ನೋಡಿದರೆ ಹತ್ತರಲ್ಲಿ ಎಂಟು ಊಟದ ಪಂಕ್ತಿಯಲ್ಲೋ, ಅದು ಮುಗಿದು ಎರಡು ನಿಮಿಷದಲ್ಲೋ. ತಾವು ಕೂತ ಸಾಲು ಬಂತು, ನೋಡಿದರು, ಟಿವಿ ಆರಿಸಿದರು. ಹೆಣ್ಣೊಪ್ಪಿಸುವ ಅಳುವನ್ನು ಹೆಣ್ಣಿನ ಮನೆಯವರು ಒಂದು ಸಲ ನೋಡಿರಬಹುದು. ಹೃದಯ, ಗುಲಾಬಿ, ಫೋನ್ ನಂಬರನ್ನು ನೋಡಿದವರು ಮಾಲೀಕರು ಮತ್ತು ನಾನು, ಇಬ್ಬರೇ.

ಮುಂದಿನ ಮದುವೆಯಿಂದ ನಂಬರು ಊಟದ ಪಂಕ್ತಿಗೆ ಬಂತು. ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ, ತೆರೆಯ ಕೆಳಗಿನ ಅಂಚಿನಲ್ಲಿ. “ನಮ್ಮ ನೆಂಟರ ಎಲೆ ಮೇಲೆ ನಿಮ್ಮ ನಂಬರ್ ಯಾಕ್ರೀ?” ಎಂದು ಹೆಣ್ಣಿನ ತಂದೆಯೊಬ್ಬರು ಅಂಗಡಿಗೇ ಬಂದು ಕೇಳಿದರು. ಮಾಲೀಕರು ನಕ್ಕು, ಕಾಪಿಯ ದುಡ್ಡಿನಲ್ಲಿ ಐವತ್ತು ರೂಪಾಯಿ ಬಿಟ್ಟರು. ನಂಬರು ಅಲ್ಲಿಂದ ಕದಲಲಿಲ್ಲ.

ಟಾಕೀಸಿನಲ್ಲೂ ಇದೇ ಕಥೆ. ಹೊಡೆದಾಟ ಮುಗಿದು, ಪೊಲೀಸ್ ಜೀಪು ಬಂದು, ಇಡೀ ಕುಟುಂಬ ಸಾಲಾಗಿ ನಿಂತು ನಗತೊಡಗಿದರೆ ಹಿಂದಿನ ಸಾಲಿನವರು ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದರು. ‘ಶುಭಂ’ ಬೀಳುತ್ತಿದ್ದುದು ಎದ್ದವರ ಬೆನ್ನಿನ ಮೇಲೆ. ಸಿನಿಮಾ ಮುಗಿಯಿತೆಂದು ಹೇಳಬೇಕಾದವನು ನಿರ್ದೇಶಕ, ಆದರೆ ಪ್ರೇಕ್ಷಕ ಅವನಿಗಿಂತ ಅರ್ಧ ನಿಮಿಷ ಮೊದಲೇ ತೀರ್ಮಾನ ಮಾಡಿರುತ್ತಿದ್ದ. ಇದಕ್ಕೆ ಮದ್ದು ಗೊತ್ತಿದ್ದವರು ವಾರಪತ್ರಿಕೆಯ ಧಾರಾವಾಹಿಗಾರರು. ಬಾಗಿಲು ಬಡಿದ ಸದ್ದು, ಸಶೇಷ. ಎಂಥಾ ಚಿಕ್ಕ ಪದ ಅದು, ಅದಕ್ಕೆ ಗುಲಾಬಿಯ ಅಲಂಕಾರ ಬೇಕಿರಲಿಲ್ಲ.

ಕ್ಯಾಸೆಟ್ ಹೋಯಿತು, ಸಿಡಿ ಬಂತು, ಅದೂ ಹೋಯಿತು. 2013ರಲ್ಲಿ ಅತ್ತಿಗೆ ಯೂಟ್ಯೂಬಿನಲ್ಲಿ ಅಡುಗೆ ಚಾನೆಲ್ ಶುರುಮಾಡಿದರು. ತಂಬುಳಿ, ಪತ್ರೊಡೆ, ಹಲಸಿನ ಕಡುಬು. “ನೀನು ಮದುವೆ ಕ್ಯಾಸೆಟ್ ಮಾಡಿದವ, ಇದೆಷ್ಟರ ಕೆಲಸ, ಮಾಡಿಕೊಡೋ” ಎಂದರು. ಆಗ ವಿಡಿಯೋ ಮುಗಿದ ಮೇಲೆ ಇನ್ನೊಂದಕ್ಕೆ ದಾರಿ ತೋರಿಸಲು ಇದ್ದದ್ದು 2008ರಲ್ಲಿ ಬಂದಿದ್ದ ಅನೊಟೇಶನ್. ಎಡಿಟಿಂಗಿನಲ್ಲಿ ನಾವೇ ಎರಡು ಚೌಕ ಬರೆದು, ಒಳಗೆ ಹಳೆಯ ವಿಡಿಯೋದ ತುಣುಕು ಓಡಿಸಿ, ಅಪ್ಲೋಡ್ ಆದ ಮೇಲೆ ಅದರ ಮೇಲೊಂದು ಕಾಣದ ಲಿಂಕು ಹಾಸಬೇಕು. ನಾನು ಹಳೆಯ ಚಾಳಿ ಬಿಡಲಿಲ್ಲ. ತಾಮ್ರದ ಬಣ್ಣದ ಅಂಚು, ಮೂಲೆಯಲ್ಲಿ ರಂಗೋಲಿ, ನಡುವೆ ಅತ್ತಿಗೆ ನಿಂತು ಬಲಗೈ ಬೆರಳಿನಿಂದ ಚೌಕ ತೋರಿಸುತ್ತಾ “ಪತ್ರೊಡೆ ಮಾಡೋದು ಇಲ್ಲಿದೆ, ಇದನ್ನು ಒತ್ತಿ” ಎನ್ನುವುದು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ನಡೆಯಿತು. ಮೊಬೈಲಿನಲ್ಲಿ ಒತ್ತಿದರೆ ಏನೂ ಇಲ್ಲ. ಅನೊಟೇಶನ್ ಮೊಬೈಲಿನಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಅತ್ತಿಗೆಯ ತವರಿನಿಂದಲೇ ಫೋನು: “ಒತ್ತಿ ಒತ್ತಿ ಬೆರಳು ಸವೀತು ಮಾರಾಯ್ತಿ.”

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ನೋಡುಗರೆಲ್ಲ ಮೊಬೈಲಿಗೆ ಇಳಿದರು. ಮರುತಿಂಗಳು ಯೂಟ್ಯೂಬು ಎಂಡ್ ಸ್ಕ್ರೀನ್ ತಂದಿತು. ಇದು ಮೊಬೈಲಿನಲ್ಲೂ ನಡೆಯುತ್ತದೆ. ವಿಡಿಯೋ ಕನಿಷ್ಠ 25 ಸೆಕೆಂಡ್ ಇರಬೇಕು, ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡಿನೊಳಗೆ ಬರಬೇಕು, ಅಡ್ಡ ವಿಡಿಯೋದಲ್ಲಿ ಹೆಚ್ಚೆಂದರೆ ನಾಲ್ಕು ಗುಂಡಿ. ನಾಲ್ಕು ಕೊಡುತ್ತಾರೆಂದು ನಾಲ್ಕನ್ನೂ ಹಾಕಿದೆ, 20 ಸೆಕೆಂಡನ್ನೂ ಬಳಸಿದೆ, ಹಿಂದೆ ನಾದಸ್ವರ. ಮೊದಲನೆಯದರಲ್ಲೇ ಸಬ್‌ಸ್ಕ್ರೈಬಿನ ಗುಂಡು ಗುಂಡಿ ನೇರವಾಗಿ ಅಜ್ಜಿಯ ಮುಖದ ಮೇಲೆ ಕೂತಿತು. ಅಪ್ಪೆಮಿಡಿ ಉಪ್ಪಿನಕಾಯಿಗೆ ಉಪ್ಪು ಎಷ್ಟೆಂದು ಹೇಳುತ್ತಿದ್ದುದು ಅಜ್ಜಿಯೇ. ಭರಣಿ ತೋರಿಸುವ ಹೊತ್ತಿಗೆ ಭರಣಿಯ ಮೇಲೆ ಇನ್ನೊಂದು ಚೌಕ. ಕಮೆಂಟಿನ ತುಂಬ “ಉಪ್ಪೆಷ್ಟು?” ಎಂಬ ಪ್ರಶ್ನೆ. ಅತ್ತಿಗೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು.

ಆಗ ಯೂಟ್ಯೂಬಿನ ಗ್ರಾಫ್ ತೆಗೆದು ನೋಡಿದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆಂದು ಗೆರೆ ಹೇಳುತ್ತದೆ. ಒಗ್ಗರಣೆ ಬೀಳುವವರೆಗೆ ಮೆಲ್ಲಗೆ ಇಳಿಯುವ ಗೆರೆ, ಅತ್ತಿಗೆ ಕೈ ಜೋಡಿಸಿ “ಹಾಗಾದರೆ” ಎನ್ನುತ್ತಲೇ ಧೊಪ್ಪನೆ ಬೀಳುತ್ತದೆ. ‘ಧನ್ಯವಾದ’ದವರೆಗೂ ಬೇಡ, ‘ಹಾಗಾದರೆ’ ಸಾಕು. ಊಟದ ಪಂಕ್ತಿಯಲ್ಲಿ ನಿಂತ ಟೇಪೇ ಕಣ್ಣಮುಂದೆ ಬಂತು. ಇಪ್ಪತ್ತೆರಡು ವರ್ಷದ ನಂತರ ನಾನು ಮತ್ತೆ ಖಾಲಿ ಟಾಕೀಸಿಗೆ ಗುಲಾಬಿ ಚೆಲ್ಲುತ್ತಿದ್ದೆ.

ಈಗ ನಮಸ್ಕಾರವಿಲ್ಲ, ‘ಹಾಗಾದರೆ’ ಇಲ್ಲ, ನಾದಸ್ವರ ಇಲ್ಲವೇ ಇಲ್ಲ. ಶೂಟಿಂಗಿನಲ್ಲೇ ಒಲೆಯ ಬಲಗಡೆ ಜಾಗ ಖಾಲಿ ಬಿಡುತ್ತೇವೆ. ಅತ್ತಿಗೆ ಎಡಕ್ಕೆ ನಿಂತು ಇನ್ನೂ ಬಡಿಸುತ್ತಿರುವಾಗಲೇ “ಈ ತಂಬುಳಿಗೆ ಮಜ್ಜಿಗೆ ಹುಳಿಯಾದರೆ ಕೆಟ್ಟಿತು, ಹುಳಿ ತೆಗೆಯೋ ಉಪಾಯ ಈ ಪಕ್ಕದ್ದರಲ್ಲಿದೆ” ಎನ್ನುತ್ತಾರೆ. ಆ ಕ್ಷಣಕ್ಕೆ ಬಲಗಡೆ ಒಂದೇ ಒಂದು ವಿಡಿಯೋ ಬರುತ್ತದೆ. ಹತ್ತು ಸೆಕೆಂಡು, ಅಷ್ಟೇ. ‘ಇತ್ತೀಚಿನ ವಿಡಿಯೋ’ ಎಂದು ಆರಿಸಿದರೆ ತಂಬುಳಿಯ ಪಕ್ಕ ಚಕ್ಕುಲಿ ಬಂದು ಕೂರುತ್ತದೆ. ಅದಕ್ಕೇ ಯಾವುದೆಂದು ನಾನೇ ಆರಿಸುತ್ತೇನೆ. ಸಬ್‌ಸ್ಕ್ರೈಬ್ ಗುಂಡಿ ಮೂಲೆಯಲ್ಲಿದೆ, ಅದರ ಬಗ್ಗೆ ಬಾಯಿ ಬಿಟ್ಟು ಕೇಳುವುದಿಲ್ಲ. ಅತ್ತಿಗೆಗೆ ಇದು ಇಷ್ಟವಿಲ್ಲ. “ಮನೆಗೆ ಬಂದವರಿಗೆ ಹೋಗಿಬನ್ನಿ ಅಂತಲೂ ಹೇಳದೆ ಕಳಿಸೋದಾ?” ಎನ್ನುತ್ತಾರೆ. ಕಳಿಸುತ್ತಿಲ್ಲವಲ್ಲ ಅತ್ತಿಗೆ, ಒಳಗಿನ ಕೋಣೆಗೆ ಕರೆಯುತ್ತಿದ್ದೇವೆ ಎಂದರೆ ನನ್ನನ್ನೇ ಒಂಥರಾ ನೋಡುತ್ತಾರೆ. ಅವರ ಮಾತು ತಪ್ಪೆನ್ನಲು ನನಗೂ ಬಾಯಿ ಬರುವುದಿಲ್ಲ.

ಆ ತಾಮ್ರದಂಚಿನ ವಿಡಿಯೋಗಳು ಇನ್ನೂ ಚಾನೆಲ್ಲಿನಲ್ಲಿವೆ. 2019ರ ಜನವರಿ 15ಕ್ಕೆ ಯೂಟ್ಯೂಬು ಉಳಿದ ಅನೊಟೇಶನ್‌ಗಳನ್ನೆಲ್ಲ ಅಳಿಸಿತು. ನಮ್ಮ ಚೌಕಗಳು ಚಿತ್ರದಲ್ಲೇ ಬೆರೆತಿದ್ದವು, ಅವು ಹೋಗಲಿಲ್ಲ. ಮೊನ್ನೆ ಒಂದನ್ನು ಹಾಕಿ ನೋಡಿದೆ. ಮೂಲೆಯಲ್ಲಿ ರಂಗೋಲಿ, ನಡುವೆ ಆರು ವರ್ಷ ಹಳೆಯ ಸೀರೆಯೆಂದು ಅತ್ತಿಗೆಯೇ ಆಗ ಬೇಡವೆಂದಿದ್ದ ಹಸಿರು ಸೀರೆ. ಬೆರಳು ತೋರಿಸಿ “ಇದನ್ನು ಒತ್ತಿ” ಎನ್ನುತ್ತಿದ್ದಾರೆ. ಗೊತ್ತಿದ್ದೂ ಒತ್ತಿದೆ. ವಿಡಿಯೋ ನಿಂತಿತು. ಇನ್ನೊಮ್ಮೆ ಒತ್ತಿದೆ, ನಿಂತಲ್ಲಿಂದಲೇ ಮುಂದೆ ಹೋಯಿತು.