ಚಿಲ್ಲೈ ಕಲಾನಿನ ನಲವತ್ತು ದಿನ

ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿರುವಂತೆ ಕಾಶ್ಮೀರದಲ್ಲಿ ಚಳಿಗೂ ಹೆಸರುಗಳಿವೆ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲೈ ಕಲಾನ್’, ಎಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ‘ಚಿಲ್ಲೈ ಖುರ್ದ್’, ಸಣ್ಣ ಚಳಿ. ಕೊನೆಯ ಹತ್ತು ದಿನ ‘ಚಿಲ್ಲೈ ಬಚ್ಚಾ’, ಅದು ಮರಿ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತು ಕೇಳುತ್ತ ಬೆಳೆದ ನನಗೆ ಈ ಲೆಕ್ಕ ಹಿಡಿಯಲು ಕಷ್ಟವಾಗಲಿಲ್ಲ. ಆದರೆ ಅವರ ‘ಶೀನ್’ ಎಂಬ ಪದಕ್ಕೆ ಏನು ಹೇಳುವುದೆಂದು ಮಾತ್ರ ತೋಚಲಿಲ್ಲ. ನಾವು ಬೆಳಗಿನ ಕಾವಳಕ್ಕೂ ಮಂಜು ಎನ್ನುತ್ತೇವೆ, ಆಕಾಶದಿಂದ ಉದುರುವ ಹಿಮಕ್ಕೂ ಮಂಜು ಎನ್ನುತ್ತೇವೆ. ಉದುರದ ಊರಿನವರಿಗೆ ಅಷ್ಟು ಸಾಕಲ್ಲವೇ?

ಅಕ್ಕನ ಮಗನಿಗೆ ಶ್ರೀನಗರಕ್ಕೆ ವರ್ಗವಾಗಿತ್ತು. “ಚಿಕ್ಕಮ್ಮ, ಜನವರಿಯಲ್ಲಿ ಬಾ, ಗುಲ್‌ಮಾರ್ಗ್‌ನಲ್ಲಿ ಹಿಮ ತೋರಿಸ್ತೀನಿ” ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದ. 2024ರಲ್ಲಿ ಎರಡನೇ ಶನಿವಾರ, ಭಾನುವಾರ, ಸೋಮವಾರದ ಸಂಕ್ರಾಂತಿ ಒಟ್ಟಿಗೆ ಬಂದವು. ಜತೆಗೆ ನಾಲ್ಕು ಸಿ.ಎಲ್. ಸೇರಿಸಿಕೊಂಡು ನಾನೂ ನಮ್ಮವರೂ ಹೊರಟೆವು. ಓರಗಿತ್ತಿಯಿಂದ ತಂದ ಎರಡು ಸ್ವೆಟರು, ನಮ್ಮವರ ಮಂಕಿ ಕ್ಯಾಪು, ಒಂದು ಡಬ್ಬಿ ಎಳ್ಳುಬೆಲ್ಲ.

ಶ್ರೀನಗರದಿಂದ ಗುಲ್‌ಮಾರ್ಗ್ ಸುಮಾರು ಐವತ್ತು ಕಿಲೋಮೀಟರ್. ಪೀರ್ ಪಂಜಾಲ್ ಸಾಲಿನಲ್ಲಿ 2,650 ಮೀಟರ್ ಎತ್ತರದ ಹುಲ್ಲುಗಾವಲು ಅದು. ಅಲ್ಲಿಂದ ಗೊಂಡೋಲಾ ಎಂಬ ತೂಗುಬಂಡಿ ಮೊದಲು ಕೊಂಗ್ಡೂರಿಗೆ, ಅಲ್ಲಿಂದ ಅಫರ್ವಾತ್ ಬೆಟ್ಟದ ಮೇಲಕ್ಕೆ ಏರುತ್ತದೆ. ಆ ಮೇಲಿನ ನಿಲ್ದಾಣ ಸುಮಾರು 3,950 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು. ವಾಡಿಕೆಯ ವರ್ಷವಾದರೆ ಡಿಸೆಂಬರಿನಲ್ಲೇ ಹುಲ್ಲು ಮುಚ್ಚಿ, ಜನವರಿ ಫೆಬ್ರವರಿಯಲ್ಲಿ ಮೇಲೆ ಆಳೆತ್ತರ ಹಿಮ ಬೀಳುತ್ತದೆ. ಈ ಕಾಲದ ಹಿಮ ಒಣ ಒಣ, ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗಂತೆ. ಸ್ಕೀ ಆಡುವವರು ದೇಶವಿದೇಶದಿಂದ ಬರುವುದು ಇದಕ್ಕಾಗಿಯೇ. ಮಾರ್ಚಿಗೆ ಹಗಲಲ್ಲಿ ಕರಗಿ ರಾತ್ರಿ ಮತ್ತೆ ಗಟ್ಟಿಯಾಗಿ, ಹಿಮ ಕಲ್ಲುಸಕ್ಕರೆಯಂತೆ ಹರಳುಗಟ್ಟುತ್ತದೆ.

ಆದರೆ ನಾವು ಹೋದ ದಿನ ಅಲ್ಲಿ ಹಿಮವೇ ಇರಲಿಲ್ಲ.

ಕೆಳಗೆ ತಂಗ್‌ಮಾರ್ಗ್‌ನಲ್ಲಿ ಕಾರಿನ ಚಕ್ರಕ್ಕೆ ಕಟ್ಟುವ ಸರಪಳಿಗಳು ಕೇಳುವವರಿಲ್ಲದೆ ಬಿದ್ದಿದ್ದವು. ಬಾಡಿಗೆಗೆ ಗಂಬೂಟು ಕೊಡುವ ಅಂಗಡಿಯವನು ಮಾತ್ರ ಬಿಡದೆ ನಮ್ಮಿಬ್ಬರಿಗೂ ಒಂದೊಂದು ಜೊತೆ ತೊಡಿಸಿ ಕಳಿಸಿದ. ಮೇಲೆ ಹೋದರೆ ಎಲ್ಲೆಲ್ಲೂ ಕಂದು ಬಣ್ಣದ ಒಣ ಹುಲ್ಲು, ನೀಲಿ ಆಕಾಶ, ಹಿತವಾದ ಬಿಸಿಲು. ದೂರದ ತುದಿಯಲ್ಲಿ ತೆಳುವಾಗಿ ಸುಣ್ಣ ಬಳಿದಂತಿತ್ತು, ಅಷ್ಟೇ. ನಮ್ಮವರು ಮಂಕಿ ಕ್ಯಾಪು ತೆಗೆದು ಜೇಬಿಗಿಟ್ಟರು.

ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ಬರುವ ಮಾರುತಗಳು ವಾಯವ್ಯ ಭಾರತಕ್ಕೆ ಮಳೆ, ಹಿಮ ತರುತ್ತವೆ ಎಂಬ ವಾಕ್ಯವನ್ನು ಎಷ್ಟು ವರ್ಷ ಮಕ್ಕಳಿಗೆ ಬರೆಸಿದ್ದೇನೋ! ನಮ್ಮಲ್ಲಿ ಅದು ಒಂದು ಅಂಕದ ಪ್ರಶ್ನೆ. ಆ ಮಾರುತಗಳು ಇರಾನ್, ಅಫ್ಘಾನಿಸ್ತಾನ ದಾಟಿ ಬಂದು ಪೀರ್ ಪಂಜಾಲಿಗೆ ಬಡಿದು ಮೇಲೇರಿದರೆ ಗುಲ್‌ಮಾರ್ಗ್‌ಗೆ ಹಿಮ. ಆ ವರ್ಷ ಅವು ಬಲವಾಗಿ ಬರಲಿಲ್ಲ. ಬರದಿದ್ದರೆ ಏನಾಗುತ್ತದೆ ಎಂದು ನಮ್ಮ ಪುಸ್ತಕದಲ್ಲಿಲ್ಲ.

ಅದು ತಿಳಿದದ್ದು ಸ್ಲೆಡ್ಜ್ ಎಳೆಯುವ ಒಬ್ಬ ಹಿರಿಯರಿಂದ. ಹಲಗೆಯ ಆ ಪುಟ್ಟ ಗಾಡಿಯಲ್ಲಿ ಪ್ರವಾಸಿಗರನ್ನು ಕೂರಿಸಿ ಹಗ್ಗ ಹಿಡಿದು ಎಳೆಯುವುದು ಅವರ ಕಸುಬು. ಅಂದು ಗಾಡಿಯನ್ನು ಗೋಡೆಗೆ ಒರಗಿಸಿ, ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ಡಿಯ ಕೆಂಡ ಹಿಡಿದು ಕುಳಿತಿದ್ದರು. ನಮ್ಮ ಅಜ್ಜಿ ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುತ್ತಿದ್ದುದು ನೆನಪಾಯಿತು. ಇವರು ಅದನ್ನು ಎದೆಗೇ ಹಿಡಿದು ಓಡಾಡುತ್ತಾರೆ!

“ಹಗಲು ಬಿಸಿಲು ಚೆನ್ನಾಗಿದೆಯಲ್ಲ ಬಾಬಾ” ಎಂದೆ ನನ್ನ ಶಾಲೆಯ ಹಿಂದಿಯಲ್ಲಿ.

“ಈ ಬಿಸಿಲೇ ಕೆಟ್ಟದ್ದು ಬೆಹನ್‌ಜಿ” ಎಂದರು. ಮೋಡವಿಲ್ಲದ ರಾತ್ರಿ ಚಳಿ ಕೊರೆಯುತ್ತದೆ, ನಲ್ಲಿ ಹೆಪ್ಪುಗಟ್ಟುತ್ತದೆ. ಚಳಿಯ ಕಷ್ಟವೆಲ್ಲ ಇದೆ, ಹಿಮದ ಸಂಪಾದನೆ ಮಾತ್ರ ಇಲ್ಲ. ಇವರ ವರ್ಷದ ಮುಖ್ಯ ದುಡಿಮೆ ಆ ಎರಡೂವರೆ ತಿಂಗಳದ್ದು. ಮಗಳು ಹತ್ತನೆಯ ತರಗತಿ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಯಾವ ವಿಷಯ ಕಷ್ಟ ಎಂದು ಕೇಳಿದೆ. ಗಣಿತ, ಎಲ್ಲ ಊರಲ್ಲೂ ಅದೇ. ಟ್ಯೂಷನ್ನಿಗೆ ಹಿಮ ಬಿದ್ದ ಮೇಲೆ ಕಳಿಸುತ್ತೇನೆಂದು ಹೇಳಿದ್ದಾರಂತೆ.

ಅದಕ್ಕಿಂತ ದೊಡ್ಡ ಚಿಂತೆಯನ್ನು ಅವರು ಕೊನೆಗೆ ಹೇಳಿದರು. ಚಿಲ್ಲೈ ಕಲಾನಿನಲ್ಲಿ ಬಿದ್ದ ಹಿಮ ಚಳಿಗೆ ಗಟ್ಟಿಯಾಗಿ ಬೆಟ್ಟದಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ನಿಧಾನ ಕರಗಿ ಬುಗ್ಗೆಗೆ, ತೊರೆಗೆ, ಕೆಳಗಿನ ಬತ್ತದ ಗದ್ದೆಗೆ ನೀರಾಗುತ್ತದೆ. ಫೆಬ್ರವರಿ ಕೊನೆಗೆ, ಮಾರ್ಚಿಗೆ ಬಿದ್ದದ್ದು ಎಷ್ಟೇ ಇರಲಿ, ಬಿಸಿಲಿಗೆ ಬೇಗ ಹರಿದುಹೋಗುತ್ತದೆ. ಪ್ರವಾಸಿಗೆ ಎರಡೂ ಒಂದೇ ಬಿಳುಪು. ಸಂಬಳ ಒಂದನೇ ತಾರೀಖಿಗೆ ಬರುವುದಕ್ಕೂ ಇಪ್ಪತ್ತೈದಕ್ಕೆ ಬರುವುದಕ್ಕೂ ಇರುವ ವ್ಯತ್ಯಾಸ ಮನೆ ನಡೆಸುವವಳಿಗೆ ಗೊತ್ತು.

ಹೊರಡುವಾಗ ಇನ್ನೂರು ರೂಪಾಯಿ ಕೊಡಹೋದೆ. ಮುಟ್ಟಲಿಲ್ಲ. “ನಾನು ಗಾಡಿ ಎಳೆದಿಲ್ಲವಲ್ಲ!” ಹಬ್ಬದ್ದು ಎಂದು ಎಳ್ಳುಬೆಲ್ಲ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಂಡರು. ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮಗಳಿಗೆಂದು ಫೆರನ್ನಿನೊಳಗೆ ಇಟ್ಟುಕೊಂಡರು.

ತಿಂಗಳ ಕೊನೆಗೆ, ಚಿಲ್ಲೈ ಕಲಾನ್ ಮುಗಿಯುವ ಹೊತ್ತಿಗೆ, ಹಿಮ ಬಂತು. ಅಕ್ಕನ ಮಗ ಫೋನ್ ಮಾಡಿದ. ಊರಲ್ಲೆಲ್ಲ ಒಬ್ಬರಿಗೊಬ್ಬರು ‘ಶೀನ್ ಮುಬಾರಕ್’ ಹೇಳುತ್ತಿದ್ದಾರಂತೆ. ಫೆಬ್ರವರಿ 21ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ಅಲ್ಲೇ ನಡೆಯಿತು. ಆದರೆ ಬಂದ ಹಿಮ ಸುಮ್ಮನೆ ಬರುವುದಿಲ್ಲ. ಅದೇ 22ರಂದು ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀ ಆಟಗಾರನೊಬ್ಬ ತೀರಿಕೊಂಡ. 2010ರ ಫೆಬ್ರವರಿಯಲ್ಲಿ ಆ ಬೆಟ್ಟದಲ್ಲೇ ತರಬೇತಿಯಲ್ಲಿದ್ದ 17 ಯೋಧರು ಹೀಗೆಯೇ ಹೋದರು. ಭಾರಿ ಹಿಮ ಬಿದ್ದ ಮಾರನೆಯ ದಿನ ಮೇಲಿನ ಇಳಿಜಾರು ಮುಚ್ಚಿದರೆ, ಗಾಳಿ ಜೋರೆಂದು ಗೊಂಡೋಲಾ ನಿಲ್ಲಿಸಿದರೆ, ಟಿಕೆಟ್ ದಂಡವಾಯಿತೆಂದು ಗೊಣಗುವವರು ಇದನ್ನು ನೆನೆಯಬೇಕು.

ಮುಂದಿನ ವರ್ಷವೂ ಹೀಗೇ ಆಯಿತು. 2025ರಲ್ಲಿ ಹಿಮ ಸಾಲದೆ ಫೆಬ್ರವರಿಯ ಕೂಟವನ್ನು ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಪತ್ರಿಕೆಯಲ್ಲಿ ಅದು ಆಟದ ಪುಟದ ಮೂಲೆಯಲ್ಲಿತ್ತು. ಆ ಹುಡುಗಿ ಅಷ್ಟರಲ್ಲಿ ಹತ್ತನೆಯದು ಮುಗಿಸಿರಬೇಕು. ಗಣಿತದಲ್ಲಿ ಎಷ್ಟು ಬಂತೋ, ಹಿಂದಿನ ವರ್ಷ ಟ್ಯೂಷನ್ನಿಗೆ ಎಷ್ಟು ವಾರ ಸಿಕ್ಕಿತೋ ಎಂದು ಲೆಕ್ಕ ಹಾಕುತ್ತ ಆ ಪುಟವನ್ನು ಕತ್ತರಿಸಿ ಭೂಗೋಳದ ನೋಟ್ಸಿನೊಳಗೆ ಇಟ್ಟೆ.