ಮನಃಶಾಸ್ತ್ರದ ಕೊಠಡಿ

1970ರ ದಶಕದ ಆರಂಭದಲ್ಲಿ, ಒಂದು ವರ್ಷದ ಪಿಯುಸಿ ಎರಡು ವರ್ಷದ್ದಾಗಿ ಮಾರ್ಪಟ್ಟ ಕಾಲಕ್ಕೆ, ಮೈಸೂರು ಸೀಮೆಯ ಒಂದು ಕಾಲೇಜಿನಲ್ಲಿ ಕಲಾವಿಭಾಗವನ್ನು ಸೇರಿ, ಇತಿಹಾಸ ಅರ್ಥಶಾಸ್ತ್ರಗಳ ಜೊತೆಯಲ್ಲಿ ಮನಃಶಾಸ್ತ್ರವನ್ನು ಆಯ್ದುಕೊಂಡ ಕೆಲವೇ ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ. ಭೂಗೋಳವನ್ನು ಬಿಟ್ಟರೆ ನಮ್ಮ ಕಾಲೇಜಿನ ಕಲಾವಿಭಾಗದವರಿಗೆ ಪ್ರಯೋಗಶಾಲೆಯ ಭಾಗ್ಯವಿದ್ದದ್ದು ಆ ಒಂದು ವಿಷಯದಲ್ಲಿ. ವಿಜ್ಞಾನದ ವಿದ್ಯಾರ್ಥಿಗಳಂತೆ ನಾವೂ ರೆಕಾರ್ಡ್ ಪುಸ್ತಕವನ್ನು ಕಂಕುಳಲ್ಲಿಟ್ಟು ನಡೆಯುವುದು ಆ ವಯಸ್ಸಿಗೆ ಗೌರವದ ಸಂಗತಿಯಾಗಿತ್ತು. ಊರಿನವರ ಭಾವನೆಯಲ್ಲಾದರೋ ಮನಃಶಾಸ್ತ್ರ ಓದುವವನು ಎದುರಿನವರ ಮನಸ್ಸಿನಲ್ಲಿರುವುದನ್ನು ಹೇಳಬಲ್ಲವನು. ಇಲ್ಲವೇ ತನ್ನ ಮನಸ್ಸನ್ನೇ ಕೆಡಿಸಿಕೊಳ್ಳಲಿರುವವನು.

ಶಾಸ್ತ್ರವೇನೋ ನಮ್ಮ ನಾಡಿಗೆ ಹೊಸದಾಗಿರಲಿಲ್ಲ. 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಮನಃಶಾಸ್ತ್ರ ವಿಭಾಗದ ತರುವಾಯ, 1924ರಲ್ಲಿಯೇ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಅಂತಹುದೇ ವಿಭಾಗ ತಲೆಯೆತ್ತಿತ್ತು. ನಮಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಆ ಪರಂಪರೆಯಲ್ಲಿ ಪಳಗಿದವರಾದುದರಿಂದ, ಪುಸ್ತಕಕ್ಕಿಂತ ಮೊದಲು ಉಪಕರಣವನ್ನು ಕೈಗೆ ಕೊಡುತ್ತಿದ್ದರು.

ಮೊದಲ ದಿನ ಕೊಟ್ಟದ್ದು ಮ್ಯುಲರ್-ಲಾಯರ್ ಭ್ರಮೆಯ ಹಲಗೆ. ಒಂದು ಗೆರೆಯ ತುದಿಗಳಲ್ಲಿ ಬಾಣದ ಮೊನೆಗಳು, ಇನ್ನೊಂದರ ತುದಿಯಲ್ಲಿ ಹೊರಕ್ಕೆ ತೆರೆದ ಗರಿಗಳು. ಎರಡೂ ಸಮನಾಗಿ ತೋರುವವರೆಗೆ ಹಲಗೆಯನ್ನು ಸರಿಸಿ ನಿಲ್ಲಿಸಿದರೆ, ಹಿಂಬದಿಯ ಅಳತೆಪಟ್ಟಿ ನಮ್ಮ ಕಣ್ಣು ಎಷ್ಟು ಮಿಲಿಮೀಟರು ಮೋಸಹೋಯಿತೆಂಬುದನ್ನು ಹೇಳುತ್ತಿತ್ತು. ಒಮ್ಮೆ ಗೆರೆಯನ್ನು ಹಿಗ್ಗಿಸುತ್ತ, ಒಮ್ಮೆ ಕುಗ್ಗಿಸುತ್ತ, ಮತ್ತೆ ಮತ್ತೆ ಅಳೆದು ಸರಾಸರಿ ತೆಗೆದ ಮೇಲೆ ಮೇಷ್ಟ್ರು ಕೇಳಿದರು: “ತಪ್ಪು ಎಷ್ಟೆಂದು ಈಗ ಗೊತ್ತಾಯಿತಲ್ಲ, ಇನ್ನೊಂದು ಸಲ ನೋಡಿ, ಸರಿಯಾಗಿ ಕಾಣುತ್ತದೆಯೆ?” ಕಾಣಲಿಲ್ಲ. ಭ್ರಮೆಯೆಂದು ತಿಳಿದಮಾತ್ರಕ್ಕೆ ಭ್ರಮೆ ಅಳಿಯುವುದಿಲ್ಲವೆಂಬ ಸತ್ಯವನ್ನು ಹಿರಿಯರ ಬಾಯಿಂದ ಕೇಳಿರಲಿಲ್ಲವೆಂದಲ್ಲ. ಆದರೆ ನಮ್ಮದೇ ಕಣ್ಣಿನಿಂದ, ನಮ್ಮದೇ ಕೈಬರಹದ ಅಂಕಿಗಳಿಂದ ಅದು ಸಿದ್ಧವಾದಾಗ ಉಂಟಾದ ವಿಸ್ಮಯವನ್ನು ಅನಂತರ ಯಾವ ಗ್ರಂಥವೂ ನನಗೆ ಕೊಡಲಿಲ್ಲ.

ಪ್ರತಿ ಪ್ರಯೋಗದಲ್ಲಿಯೂ ಒಬ್ಬನು ನಡೆಸುವವನು, ಇನ್ನೊಬ್ಬನು ‘ಸಬ್ಜೆಕ್ಟ್’. ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಜೋಡಿಗೆರೆಗಳ ನಡುವೆ ಪೆನ್ಸಿಲು ನಡೆಸುತ್ತ ಬೆವರುವವನ ತಪ್ಪುಗಳನ್ನು ಗೆಳೆಯ ಎಣಿಸುವನು. ಮುಗಿದ ಮೇಲೆ ಸಬ್ಜೆಕ್ಟ್ ಆದವನು ತನಗೆ ಒಳಗೇನಾಯಿತೆಂಬುದನ್ನು ಅಂತರವಲೋಕನ ವರದಿಯೆಂಬ ತಲೆಬರಹದಡಿಯಲ್ಲಿ ಬರೆಯಬೇಕು. ಪಾಶ್ಚಾತ್ಯ ವಿದ್ವಾಂಸರಲ್ಲಿ ವರ್ತನವಾದಿಗಳು ಈ ಪದ್ಧತಿಯನ್ನು ಎಂದೋ ತಿರಸ್ಕರಿಸಿದ್ದರು. ಆದರೂ ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಅದು ಉಳಿದುಬಂದದ್ದು ನಮ್ಮ ಪುಣ್ಯವೆಂದೇ ನಾನು ಬಗೆಯುತ್ತೇನೆ. ಹದಿನೇಳರ ಹರೆಯದವರು ತಮ್ಮ ಕೋಪವನ್ನು, ನಾಚಿಕೆಯನ್ನು, ಬೇಸರವನ್ನು, ಅಲಂಕಾರವಿಲ್ಲದೆ ನಾಲ್ಕು ಸಾಲಿನಲ್ಲಿ ಬರೆಯಲು ಅವಕಾಶವಿದ್ದ ಬೇರೆ ಪುಟ ಇಡೀ ಕಾಲೇಜಿನಲ್ಲಿ ಇರಲಿಲ್ಲ.

ಪದಸಾಹಚರ್ಯ ಪ್ರಯೋಗದ ದಿನ ನಡೆದುದನ್ನು ಹೇಳಲೇಬೇಕು. ಒಂದೊಂದು ಪದವನ್ನು ಉಚ್ಚರಿಸಿ, ಕೇಳಿದವನಿಗೆ ಮೊದಲು ಹೊಳೆದ ಪದವನ್ನೂ ಅದಕ್ಕೆ ಹಿಡಿದ ಕಾಲವನ್ನೂ ಸ್ಟಾಪ್‌ವಾಚ್ ನೋಡಿ ಗುರುತಿಸಬೇಕು. ತಡವಾದಲ್ಲಿ ಭಾವದ ತೊಡಕಿರಬಹುದೆಂಬುದು ಮನೋವಿಜ್ಞಾನಿ ಯೂಂಗರ ಕಾಲದಿಂದ ಬಂದ ಊಹೆ. ನನ್ನ ಜೊತೆಗಾರನು ‘ತಂದೆ’ ಎಂಬ ಪದಕ್ಕೆ ಬಹಳ ಹೊತ್ತು ಉತ್ತರಿಸದೆ ಕುಳಿತನು. ನಾನು ಕಾರಣ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, “ಕಾಲ ಬರೆದುಕೊಳ್ಳಪ್ಪ, ಕಾರಣ ನಿನ್ನದಲ್ಲ” ಎಂದರು. ಮುಂದೆ ನಾನೇ ಅಧ್ಯಾಪಕನಾಗಿ ಅದೇ ಬಗೆಯ ಕೊಠಡಿಯಲ್ಲಿ ನಿಂತಾಗ ಈ ಮಾತನ್ನು ಪ್ರತಿ ವರ್ಷವೂ ಹೇಳಿದ್ದೇನೆ.

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿಯೇ ಆ ಕೊಠಡಿ ಬದಲಾಯಿತು. ನೆನಪನ್ನು ಅಳೆಯುವ ಮೆಮೊರಿ ಡ್ರಮ್ಮಿನ ಮೋಟಾರು ಕೆಟ್ಟರೆ ರಿಪೇರಿಯವರಿಲ್ಲ. ಭಾಟಿಯಾ ಬುದ್ಧಿಪರೀಕ್ಷೆಯ ಪೆಟ್ಟಿಗೆಯಲ್ಲಿ ಬಣ್ಣದ ಘನಗಳು ಒಂದೊಂದಾಗಿ ಕಾಣೆಯಾದವು. ಮರಾಠಿ ಕನ್ನಡ ಮಕ್ಕಳಿಗೆಂದೇ ವಿ. ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಹೊಂದಿಸಿ, 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದ ಮಹತ್ಕಾರ್ಯವನ್ನು ವಿದ್ಯಾರ್ಥಿಗಳು ಹೆಸರಿನಿಂದ ಮಾತ್ರ ಬಲ್ಲವರಾದರು. ಇತ್ತ ಪಠ್ಯವೂ ಹೊರಳಿತು. 2006–07ರಲ್ಲಿ ಎನ್‌ಸಿಇಆರ್‌ಟಿಯ ಹೊಸ ಪುಸ್ತಕಗಳು ಬಂದಾಗ ಒತ್ತಡ, ಮನೋವಿಕಾರ, ಚಿಕಿತ್ಸಾಕ್ರಮಗಳಿಗೆ ಇಡೀ ಅಧ್ಯಾಯಗಳೇ ಮೀಸಲಾದವು. ಕಣ್ಣು ಕಿವಿಗಳನ್ನು ಅಳೆಯುತ್ತಿದ್ದ ವಿಷಯ ದುಃಖವನ್ನು ಕುರಿತು ಮಾತನಾಡತೊಡಗಿತು.

ಇದನ್ನು ಅವನತಿಯೆನ್ನುವವರ ಜೊತೆ ನಾನು ಸೇರಲಾರೆ. ನಮ್ಮ ಕಾಲದಲ್ಲಿ ಎರಡು ವರ್ಷ ಮನಃಶಾಸ್ತ್ರ ಓದಿದವನಿಗೂ, ಪಕ್ಕದ ಮನೆಯಲ್ಲಿ ತಿಂಗಳುಗಟ್ಟಲೆ ಮಾತುಬಿಟ್ಟು ಕುಳಿತ ಹೆಂಗಸಿಗೆ ಔಷಧವಿದೆಯೆಂಬುದು ತಿಳಿದಿರಲಿಲ್ಲ. ಆದರೆ ರೋಗಗಳ ಹೆಸರು ಸುಲಭವಾಗಿ ದೊರೆಯತೊಡಗಿದ ಮೇಲೆ ನೋಡುವ ತಾಳ್ಮೆ ಕ್ಷೀಣಿಸಿತೆಂಬುದೂ ನಿಜ. ಅಧ್ಯಾಯ ಮುಗಿಯುವುದರೊಳಗೆ ತಮಗೂ ತಮ್ಮ ಗೆಳೆಯರಿಗೂ ಒಂದೊಂದು ರೋಗವನ್ನು ಹಂಚಿಬಿಡುವ ಮಕ್ಕಳನ್ನು ತಡೆಯುವುದೇ ನನಗೆ ಕೆಲಸವಾಯಿತು.

ಆ ವರ್ಷಗಳಲ್ಲಿ ಒಬ್ಬ ಹುಡುಗಿಯ ಅಣ್ಣನಿಗೆ ಗಾಳಿ ಸೋಕಿದೆಯೆಂದು ಮನೆಯವರು ದೇವಸ್ಥಾನಗಳನ್ನು ಸುತ್ತುತ್ತಿದ್ದರು. ಪುಸ್ತಕದಲ್ಲಿ ಸ್ಕಿಜೋಫ್ರೀನಿಯದ ಲಕ್ಷಣಗಳನ್ನು ಓದಿ ಅವಳು ಅಳುತ್ತ ನನ್ನ ಬಳಿಗೆ ಬಂದಳು. ರೋಗದ ಹೆಸರನ್ನು ವೈದ್ಯರಿಗೆ ಬಿಟ್ಟು, ಅಣ್ಣ ಎಷ್ಟು ಹೊತ್ತು ಮಲಗುತ್ತಾನೆ, ಏನು ಉಣ್ಣುತ್ತಾನೆ, ಯಾರೊಡನೆ ಮಾತನಾಡುತ್ತಾನೆ ಎಂಬುದನ್ನಷ್ಟೇ ಪ್ರಯೋಗದ ವರದಿಯಂತೆ ಬರೆಯಮ್ಮ ಎಂದೆ. ಜೊತೆಯಲ್ಲಿಯೇ, ಅಣ್ಣನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ಅವಳ ತಂದೆಯವರನ್ನು ಒಪ್ಪಿಸಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿಯಲ್ಲಿ ರೂಪಿಸಿದ ಮಾದರಿಯನ್ನನುಸರಿಸಿ 1996ರಿಂದ ದೇಶದ ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿದ್ದುದರಿಂದ, ಅಲ್ಲಿ ಮನೋವೈದ್ಯರು ಸಿಕ್ಕಿದರು. ಅವಳು ತಂದ ಹಾಳೆಗಳನ್ನು ಅವರು ಮೊದಲಿನಿಂದ ಕೊನೆಯವರೆಗೆ ಓದಿ, ಅನಂತರ ಪ್ರಶ್ನೆಗಳನ್ನು ಆರಂಭಿಸಿದರಂತೆ. ಚಿಕಿತ್ಸೆ ದೀರ್ಘವಾಯಿತು, ಆ ಹುಡುಗ ಈಗ ಅಂಗಡಿ ನೋಡಿಕೊಳ್ಳುತ್ತಾನೆ, ಮಾತ್ರೆಯನ್ನು ಬಿಟ್ಟಿಲ್ಲ.

ಮರುವರ್ಷದಿಂದ ಪ್ರತಿ ವಿದ್ಯಾರ್ಥಿಯೂ ತನ್ನದೇ ನಿದ್ರೆಯನ್ನೋ ಕೋಪವನ್ನೋ ಒಂದು ತಿಂಗಳು ಗಮನಿಸಿ, ಯಾವ ಹೆಸರನ್ನೂ ಇಡದೆ ಬರೆದು ತರಬೇಕೆಂದು ವಿಧಿಸಿದೆ. ಅದಕ್ಕೆ ಅಂಕಗಳಿರಲಿಲ್ಲ, ಆದರೂ ಬರೆದರು. ನನ್ನ ಸ್ಥಾನಕ್ಕೆ ಬಂದ ಅಧ್ಯಾಪಕಿಯೂ ಆ ಕ್ರಮವನ್ನು ಮುಂದುವರಿಸಿದ್ದಾರೆ. ಮ್ಯುಲರ್-ಲಾಯರ್ ಹಲಗೆಯನ್ನೂ ಬಡಗಿಯಿಂದ ಹೊಸದಾಗಿ ಮಾಡಿಸಿದ್ದಾರೆ.